ಕೆಲಸ ಕೊಟ್ರು ಸರಿ, ಆಮೇಲೆ?

ನಮ್ ಪೇರೋಲ್ ಟೀಮಲ್ಲಿ ಒಬ್ಬ ಹುಡುಗ ಇದ್ದ, ಹುಟ್ಟಿದಾಗಿಂದ ಎರಡೂ ಕಣ್ಣು ಕಾಣಲ್ಲ, ಹಾಸನದ ಕಡೆಯವನು, ಬಿಕಾಂ ಮುಗಿಸ್ಕೊಂಡು ಬಂದಿದ್ದ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಎಕ್ಸೆಲ್ ಶೀಟ್ ತೆಗೆದು ಕೂತ ಅಂದ್ರೆ ಮೌಸ್ ಮುಟ್ತಾನೇ ಇರ್ಲಿಲ್ಲ, ಬರೀ ಕೀಬೋರ್ಡು, ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಸಾಫ್ಟ್‌ವೇರ್, ಸ್ಕ್ರೀನ್ ರೀಡರ್ ಅಂತಾರಲ್ಲ, ಅದು ಎಷ್ಟು ಸ್ಪೀಡಲ್ಲಿ ಓದ್ತಿತ್ತು ಅಂದ್ರೆ ಪಕ್ಕದಲ್ಲಿ ಕೂತು ಕೇಳಿದ್ರೂ ನಂಗೆ ಒಂದು ಪದ ಅರ್ಥ ಆಗ್ತಿರ್ಲಿಲ್ಲ, ಅವನು ಮಾತ್ರ ಅದನ್ನ ಕೇಳ್ತಾ ಕೇಳ್ತಾನೇ ನಾನೂರು ಜನರ ಪಿಎಫ್ ಲೆಕ್ಕದಲ್ಲಿ ಎಲ್ಲಿ ತಪ್ಪಾಗಿದೆ ಅಂತ ಹಿಡಿದು ಹೇಳೋನು.

ಒಂದ್ ದಿನ ಆಫೀಸಲ್ಲಿ ರಜೆ ಹಾಕೋ ಆಪ್ ಚೇಂಜ್ ಮಾಡಿದ್ರು. ಹೊಸದು ನೋಡಕ್ಕೆ ತುಂಬಾ ಚೆನ್ನಾಗಿತ್ತು, ಕಲರ್ ಕಲರ್ ಐಕಾನ್. ಅವನು ಅದನ್ನ ತೆಗೆದ್ರೆ ಕಿವೀಲಿ ಬರ್ತಿದ್ದಿದ್ದು "ಬಟನ್, ಬಟನ್, ಬಟನ್" ಅಂತ ಅಷ್ಟೇ, ಯಾಕಂದ್ರೆ ಯಾವ ಬಟನ್ನಿಗೂ ಒಳಗಡೆ ಹೆಸರೇ ಕೊಟ್ಟಿರ್ಲಿಲ್ಲ, ತಾರೀಖು ಆರಿಸೋ ಕ್ಯಾಲೆಂಡರ್ ಅಂತೂ ಮೌಸ್ ಇಲ್ದೆ ಓಪನ್ನೇ ಆಗ್ತಿರ್ಲಿಲ್ಲ. ಅವತ್ತಿಂದ ಅವನಿಗೆ ಒಂದ್ ದಿನ ರಜೆ ಬೇಕು ಅಂದ್ರೂ "ಮೇಡಂ, ಒಂದ್ ನಿಮಿಷ ಬರ್ತೀರಾ" ಅಂತ ಯಾರನ್ನಾದ್ರೂ ಕರೀಬೇಕು, ಹೊಟ್ಟೆ ಕೆಟ್ಟಿದೆ ಅನ್ನೋದನ್ನೂ ಇನ್ನೊಬ್ಬರಿಗೆ ಹೇಳಿ ಟೈಪ್ ಮಾಡಿಸ್ಬೇಕು, ಪೇ ಸ್ಲಿಪ್ ಕೂಡ ಅದರಲ್ಲೇ ಇದ್ದಿದ್ರಿಂದ ಅವನ ಸಂಬಳ ಎಷ್ಟು, ಲೋನ್ ಎಷ್ಟು ಕಟ್ ಆಗತ್ತೆ ಎಲ್ಲ ನಮ್ ಕಣ್ಣಿಗೆ ಬೀಳೋದು. ಮೇಲ್ ಹಾಕಿದ್ವಿ, ನೆಕ್ಸ್ಟ್ ಅಪ್‌ಡೇಟಲ್ಲಿ ನೋಡ್ತೀವಿ ಅಂದ್ರು, ಮತ್ತೆ ಹಾಕಿದ್ವಿ, ಮತ್ತೆ ಅದೇ ಉತ್ತರ. ಕೊನೆಗೆ ಏಳು ತಿಂಗಳಾದ ಮೇಲೆ ಸರಿ ಆಯ್ತು, ಸರಿ ಮಾಡಿದ ಡೆವಲಪರ್‌ನ ಎಷ್ಟು ಕೆಲಸ ಇತ್ತಪ್ಪಾ ಅಂತ ಕೇಳಿದ್ರೆ "ಒಂದ್ ಮಧ್ಯಾಹ್ನ ಹಿಡೀತು ಮೇಡಂ" ಅಂದ. ಅಷ್ಟೊತ್ತಿಗೆ ನಮ್ ಹುಡುಗ ಬೇರೆ ಕಂಪನಿಗೆ ಹೋಗಿದ್ದ. ಬಿಡುವಾಗ ತುಂಬೋ ಫಾರ್ಮಲ್ಲಿ ಕಾರಣ ಅಂತ ಇರೋ ಕಡೆ "ವೈಯಕ್ತಿಕ" ಅಂತ ಬರೆಸಿದ್ದ, ಅದನ್ನ ಟೈಪ್ ಮಾಡಿದ್ದೂ ನಾನೇ.

ವಿಕಲಚೇತನರಿಗೆ ಉದ್ಯೋಗ ಅಂತ ಮಾತು ಬಂದಾಗೆಲ್ಲ ನಾವು ಮಾತಾಡೋದು ಕೆಲಸಕ್ಕೆ ತಗೊಳ್ಳೋದ್ರ ಬಗ್ಗೆ. ಡಿಸೆಂಬರ್ 3ಕ್ಕೆ, ವಿಶ್ವ ವಿಕಲಚೇತನರ ದಿನ ಅಂತ ಫೋಟೋ ಬರತ್ತೆ, ಇಷ್ಟು ಜನರಿಗೆ ಆಫರ್ ಲೆಟರ್ ಕೊಟ್ವಿ ಅಂತ ಪೋಸ್ಟ್ ಬರತ್ತೆ. ಸೇರಿದ ಮೇಲೆ ಎರಡನೇ ತಿಂಗಳು, ಎರಡನೇ ವರ್ಷ ಅವರು ಎಲ್ಲಿದ್ದಾರೆ, ಮೊದಲು ಕೂತ ಅದೇ ಚೇರಲ್ಲೇ ಇದ್ದಾರಾ, ಪ್ರಮೋಷನ್ ಆಯ್ತಾ, ಬಿಟ್ಟು ಹೋದ್ರಾ, ಇದನ್ನ ಯಾರೂ ಕೇಳಲ್ಲ. ನಂಗೆ ಅನ್ಸೋದು ನಮ್ ದೊಡ್ಡ ಸೋಲು ಇರೋದೇ ಇಲ್ಲಿ.

ಕಾನೂನು ಏನ್ ಹೇಳತ್ತೆ ಅಂತ ಮೊದಲು ನೋಡೋಣ, ಯಾಕಂದ್ರೆ ತುಂಬಾ ಜನ ಎಚ್‌ಆರ್‌ಗಳಿಗೇ ಇದು ಸರಿಯಾಗಿ ಗೊತ್ತಿಲ್ಲ. 1995ರ ಕಾಯ್ದೆಯಲ್ಲಿ ಇದ್ದಿದ್ದು 7 ಬಗೆಯ ಅಂಗವೈಕಲ್ಯ, 2016ರಲ್ಲಿ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನ 21ಕ್ಕೆ ಏರಿಸ್ತು, ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ಹಿಮೋಫಿಲಿಯಾ, ಆಸಿಡ್ ದಾಳಿಗೆ ಒಳಗಾದವರು ಎಲ್ಲ ಅದರಲ್ಲಿ ಸೇರಿದ್ರು. 2017ರ ಏಪ್ರಿಲ್ 19ಕ್ಕೆ ಜಾರಿಗೆ ಬಂತು. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಶೇ 3 ಇದ್ದಿದ್ದು ಶೇ 4 ಆಯ್ತು. ಪ್ರೈವೇಟ್ ಕಂಪನಿಗಳಿಗೆ ಮೀಸಲಾತಿ ಇಲ್ಲ, 35ನೇ ಸೆಕ್ಷನ್ ಪ್ರಕಾರ ನೌಕರರಲ್ಲಿ ಶೇ 5 ಜನ ವಿಕಲಚೇತನರು ಇರೋ ಹಾಗೆ ನೋಡ್ಕೊಳ್ಳಿ ಅಂತ ಸರ್ಕಾರ ಅವರಿಗೆ ಪ್ರೋತ್ಸಾಹ ಕೊಡ್ಬೇಕು, ಅಷ್ಟೇ.

ಹಾಗಂತ ಪ್ರೈವೇಟಿನವರಿಗೆ ಏನೂ ಇಲ್ಲ ಅಂತಲ್ಲ. 21ನೇ ಸೆಕ್ಷನ್ ಎಲ್ಲ ಸಂಸ್ಥೆಗಳಿಗೂ ಅನ್ವಯ ಆಗತ್ತೆ, ಸಮಾನ ಅವಕಾಶ ನೀತಿ ಅಂತ ಒಂದು ಪಾಲಿಸಿ ಮಾಡಿ ಅದನ್ನ ವಿಕಲಚೇತನರ ಆಯುಕ್ತರ ಹತ್ರ ನೋಂದಾಯಿಸ್ಬೇಕು. 20 ಮತ್ತು ಅದಕ್ಕಿಂತ ಹೆಚ್ಚು ಜನ ಇರೋ ಕಂಪನಿ ಆದ್ರೆ ಯಾವ ಹುದ್ದೆಗಳು ಸೂಕ್ತ, ಆಯ್ಕೆ ಹೇಗೆ, ಟ್ರೇನಿಂಗ್, ಪ್ರಮೋಷನ್, ವಿಶೇಷ ರಜೆ, ಬೇಕಾದ ಸಲಕರಣೆ ಹೇಗೆ ಕೊಡ್ತೀವಿ ಅಂತೆಲ್ಲ ಅದರಲ್ಲಿ ಬರೀಬೇಕು, ಜೊತೆಗೆ ಇದನ್ನೆಲ್ಲ ನೋಡ್ಕೊಳ್ಳೋಕೆ ಒಬ್ಬ ಲಯಸನ್ ಆಫೀಸರ್‌ನ ನೇಮಿಸ್ಬೇಕು. 20 ಜನ ಅಂದ್ರೆ ಎಷ್ಟು ಸಣ್ಣ ಕಂಪನಿ ಯೋಚ್ನೆ ಮಾಡಿ, ಪೀಣ್ಯದಲ್ಲಿರೋ ಎಷ್ಟೋ ವರ್ಕ್‌ಶಾಪುಗಳೂ ಇದರೊಳಗೆ ಬರತ್ವೆ. ಕಾಯ್ದೆ ಮೀರಿದ್ರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಆಮೇಲೂ ಮೀರಿದ್ರೆ 50,000ದಿಂದ 5 ಲಕ್ಷದವರೆಗೆ. ಬೆಂಗಳೂರಿನ ಒಂದು ಟೆಕ್ ಪಾರ್ಕಲ್ಲಿ ಆಫೀಸ್ ಇಟ್ಕೊಂಡಿರೋ ಕಂಪನಿಗೆ 10,000 ಅಂದ್ರೆ ಒಂದ್ ಟೀಮ್ ಲಂಚಿನ ಬಿಲ್ಲು.

ಲೆಕ್ಕ ನೋಡಿದ್ರೆ ಹೊಟ್ಟೆ ಉರಿಯತ್ತೆ. 2011ರ ಜನಗಣತಿ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರು, ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು. ಈ ಜನಗಣತಿ ನಡೆದಾಗ 21 ಬಗೆ ಅನ್ನೋ ಪಟ್ಟಿ ಇರ್ಲೇ ಇಲ್ಲ, ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿನೇ ಇರತ್ತೆ. 2018ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ ನೋಡಿದಾಗ 15 ವರ್ಷ ದಾಟಿದ ವಿಕಲಚೇತನರಲ್ಲಿ ಕೆಲಸ ಮಾಡ್ತಿರೋರು, ಕೆಲಸ ಹುಡುಕ್ತಿರೋರು ಇಬ್ರೂ ಸೇರಿ ಶೇ 23.8 ಅಷ್ಟೇ. ಅಂದ್ರೆ ನೂರಕ್ಕೆ ಎಪ್ಪತ್ತಾರು ಜನ ಹುಡುಕೋದನ್ನೂ ಬಿಟ್ಟಿದ್ದಾರೆ ಅಥವಾ ಹುಡುಕೋ ಸ್ಥಿತಿಗೇ ಬಂದಿಲ್ಲ. ಓದಿಲ್ಲ ಅಂತಾರೆ, ಸ್ಕಿಲ್ ಇಲ್ಲ ಅಂತಾರೆ, ಇರ್ಬಹುದು. ಓದಿರೋರನ್ನ ನಾವು ಹೇಗೆ ನಡೆಸ್ಕೊಂಡಿದ್ದೀವಿ ಅನ್ನೋದನ್ನೂ ಕೇಳ್ಬೇಕಲ್ವಾ.

ಇಂಟರ್ವ್ಯೂನಿಂದಲೇ ಶುರು ಆಗತ್ತೆ ಇದು. ಜಾಹೀರಾತಲ್ಲಿ ಎಲ್ಲರಿಗೂ ಸಮಾನ ಅವಕಾಶ ಅಂತ ಕೊನೇ ಸಾಲಲ್ಲಿ ಹಾಕಿರ್ತಾರೆ, ಮೊದಲನೇ ರೌಂಡೇ ಫೋನ್ ರೌಂಡು, ಕಿವಿ ಕೇಳದೇ ಇರೋರು ಅಲ್ಲೇ ಔಟ್. ಆನ್‌ಲೈನ್ ಟೆಸ್ಟಲ್ಲಿ ಚಿತ್ರ ನೋಡಿ ಉತ್ತರ ಹೇಳಿ ಅಂತಿರತ್ತೆ, ಪಕ್ಕದಲ್ಲಿ ಟೈಮರ್ ಓಡ್ತಿರತ್ತೆ, ಕಣ್ಣು ಕಾಣದವರು ಅಲ್ಲಿ ಔಟ್. ದಾಟ್ಕೊಂಡು ಒಳಗೆ ಬಂದ್ರೆ ಎದುರಿಗೆ ಕೂತವರು ಕೆಲಸದ ಬಗ್ಗೆ ಕೇಳೋ ಬದಲು "ಮನೆಯಿಂದ ಹೆಂಗೆ ಬಂದ್ರಿ, ಜೊತೆಗೆ ಯಾರಾದ್ರೂ ಬಂದಿದ್ದಾರಾ, ಬಾತ್‌ರೂಮಿಗೆ ಹೋಗಕ್ಕೆ ಏನ್ ಮಾಡ್ತೀರಾ" ಅಂತ ಕೇಳ್ತಾರೆ, ನನ್ ಕಿವಿಯಾರೆ ಕೇಳಿದ್ದೀನಿ ಇದನ್ನ. 2025ರ ಮಾರ್ಚಲ್ಲಿ ಸುಪ್ರೀಂ ಕೋರ್ಟು ಕಣ್ಣು ಕಾಣದವರು ನ್ಯಾಯಾಧೀಶರಾಗೋಕೂ ಅರ್ಹರು, ಅವರನ್ನ ಹೊರಗಿಡೋ ನಿಯಮ ನಿಲ್ಲಲ್ಲ ಅಂತ ತೀರ್ಪು ಕೊಟ್ಟಿದೆ. ಕೋರ್ಟಲ್ಲಿ ಕೂತು ತೀರ್ಪು ಬರೀಬಹುದಾದ್ರೆ ಇನ್‌ವಾಯ್ಸ್ ಚೆಕ್ ಮಾಡೋಕೆ ಆಗಲ್ವಾ?

ಇನ್ನೊಂದು ವಿಷ್ಯ ಇದೆ, ಹೇಳಕ್ಕೆ ಕಷ್ಟ ಆದ್ರೂ ಹೇಳ್ಲೇಬೇಕು. ಕಂಪನಿಗಳು ವಿಕಲಚೇತನರನ್ನ ತಗೊಳ್ತೀವಿ ಅಂದಾಗ ಒಳಗೊಳಗೇ ಹುಡುಕೋದು ಏನೂ ಬದಲಾಯಿಸೋ ಅಗತ್ಯ ಇಲ್ದೇ ಇರೋ ಅಭ್ಯರ್ಥಿಯನ್ನ. ಒಂದು ಕಾಲಲ್ಲಿ ಸ್ವಲ್ಪ ಪೋಲಿಯೊ ಇದೆ, ಕುಂಟ್ಕೊಂಡು ಮೆಟ್ಟಿಲು ಹತ್ತಬಲ್ಲರು, ಸರ್ಟಿಫಿಕೇಟಲ್ಲಿ ವೈಕಲ್ಯ ಸರಿಯಾಗಿ ಶೇ 40, ಅಂದ್ರೆ ಮೀಸಲಾತಿ ಥರದ್ದಕ್ಕೆ ಬೇಕಾದ ಕನಿಷ್ಠದಷ್ಟೇ ಇದೆ, ಅಂಥವರು ಸಿಕ್ಕಿದ್ರೆ ಲೆಕ್ಕಕ್ಕೂ ಆಯ್ತು ಖರ್ಚೂ ಇಲ್ಲ. ವೀಲ್‌ಚೇರಲ್ಲಿ ಬರೋರು, ಪೂರ್ತಿ ಕಣ್ಣು ಕಾಣದವರು, ಆಟಿಸಂ ಇರೋರು, ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ತಿರೋರು ಈ ಜರಡಿಯಲ್ಲಿ ಕೆಳಗೆ ಬಿದ್ದು ಹೋಗ್ತಾರೆ. ಕುಂಟ್ಕೊಂಡು ನಡೆಯೋರಿಗೆ ಕೆಲಸ ಸಿಗ್ಬಾರ್ದು ಅಂತ ನಾನು ಹೇಳ್ತಿಲ್ಲ, ಅವರೂ ಎಷ್ಟೋ ಬಾಗಿಲು ತಟ್ಟಿ ಬಂದಿರ್ತಾರೆ, ಆದ್ರೆ ಆಫೀಸು ಒಂದಿಂಚೂ ಬದಲಾಗದೆ ನಾವು ಎಲ್ಲರನ್ನೂ ಸೇರಿಸ್ಕೊಂಡ್ವಿ ಅಂತ ಹೇಳ್ಕೊಳ್ಳೋದು ಸರಿ ಇಲ್ಲ.

ಇಲ್ಲಿ ಕಾಯ್ದೆಯ ಒಂದು ಮಾತು ತುಂಬಾ ಮುಖ್ಯ, ಸಮಂಜಸ ಹೊಂದಾಣಿಕೆ ಅಂತಾರೆ ಅದಕ್ಕೆ. ಕನ್ನಡದಲ್ಲಿ ಹೇಳಿದ್ರೆ ಏನೋ ಕೋರ್ಟ್ ಭಾಷೆ ಥರ ಕೇಳತ್ತೆ, ಅರ್ಥ ಮಾತ್ರ ಸಿಂಪಲ್ಲು: ಆ ಒಬ್ಬ ಮನುಷ್ಯನಿಗೆ ಬೇಕಾದ ಬದಲಾವಣೆಯನ್ನ, ಸಂಸ್ಥೆ ಮೇಲೆ ತಡೆಯಲಾರದ ಹೊರೆ ಬೀಳದ ಹಾಗೆ, ಮಾಡಿಕೊಡೋದು. 2021ರ ಫೆಬ್ರವರೀಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಕೇಸಲ್ಲಿ ಇದನ್ನ ಬಿಡಿಸಿ ಹೇಳ್ತು. ಬರೆಯುವಾಗ ಕೈ ಸೆಳೆತ ಬರೋ ತೊಂದ್ರೆ ಇದ್ದ ಅಭ್ಯರ್ಥಿ ಯುಪಿಎಸ್‌ಸಿ ಪರೀಕ್ಷೆಗೆ ಬರೆಯೋಕೆ ಸಹಾಯಕರನ್ನ ಕೊಡಿ ಅಂತ ಕೇಳಿದ್ರು, ಆಯೋಗ ಒಪ್ಪಲಿಲ್ಲ, ಅವರ ತೊಂದ್ರೆ ಶೇ 40 ದಾಟಲ್ಲ ಅನ್ನೋದು ವಾದ. ಕೋರ್ಟು ಹೇಳಿದ್ದೇನಂದ್ರೆ ಆ 40ರ ಗೆರೆ ಮೀಸಲಾತಿ ಥರದ್ದಕ್ಕೆ, ಹೊಂದಾಣಿಕೆ ಕೇಳೋ ಹಕ್ಕಿಗೆ ಆ ಗೆರೆ ಇಲ್ಲ, ಮತ್ತೆ ಏನು ಬೇಕು ಅನ್ನೋದನ್ನ ಆ ವ್ಯಕ್ತಿ ಜೊತೆ ಮಾತಾಡಿ ತೀರ್ಮಾನ ಮಾಡ್ಬೇಕು. ಮಾತಾಡಿ ಅನ್ನೋದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಯಾಕಂದ್ರೆ ನಮ್ ಆಫೀಸುಗಳಲ್ಲಿ ಆಗೋದು ಉಲ್ಟಾ, ಯಾರೋ ಮೇಲೆ ಕೂತು "ಪಾಪ ಅವರಿಗೆ ಇದು ಕಷ್ಟ ಆಗತ್ತೆ" ಅಂತ ತಾವೇ ತೀರ್ಮಾನ ಮಾಡಿ ಕ್ಲೈಂಟ್ ಮೀಟಿಂಗಿಂದ, ಟ್ರಾವೆಲ್ಲಿಂದ, ಹೊಸ ಪ್ರಾಜೆಕ್ಟಿಂದ ಅವರನ್ನ ತೆಗೆದು ಬಿಡ್ತಾರೆ. ಕೇಳೋದೂ ಇಲ್ಲ. ಆಮೇಲೆ ಅಪ್ರೈಸಲ್ ಟೈಮಲ್ಲಿ ಇವರಿಗೆ ಅಷ್ಟು ಎಕ್ಸ್‌ಪೋಷರ್ ಇಲ್ಲ ಅಂತಾರೆ.

ಕಿವಿ ಕೇಳದವರಿಗೆ ಆಗೋದು ಇನ್ನೂ ಸೂಕ್ಷ್ಮ. ಬೇರೆ ಟೀಮಿನ ಒಬ್ಬ ಹೆಣ್ಮಗಳು, ಮೈಸೂರಿನವಳು, ಅಲ್ಲೇ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕ್ಕಂದಿನಲ್ಲಿ ಟ್ರೇನಿಂಗ್ ಆಗಿದ್ರಿಂದ ತುಟಿ ನೋಡಿ ಮಾತು ಹಿಡೀತಿದ್ಲು, ಎದುರಿಗೆ ನಿಂತು ನಿಧಾನಕ್ಕೆ ಮಾತಾಡಿದ್ರೆ ಸಾಕು. ಮೀಟಿಂಗಲ್ಲಿ ಎಂಟು ಜನ ಒಟ್ಟಿಗೆ ಮಾತಾಡ್ತಾರೆ, ಒಬ್ರು ಬೋರ್ಡ್ ಕಡೆ ತಿರುಗಿರ್ತಾರೆ, ಇನ್ನೊಬ್ರು ಕಾಫಿ ಕಪ್ ಬಾಯಿಗಿಟ್ಕೊಂಡು ಮಾತಾಡ್ತಾರೆ. ಎಲ್ಲರೂ ನಕ್ಕಾಗ ಅವಳೂ ಒಂದು ಸೆಕೆಂಡ್ ತಡವಾಗಿ ನಗೋಳು. ಏನು ಅಂತ ಪಕ್ಕದವರನ್ನ ಕಣ್ಣಲ್ಲೇ ಕೇಳಿದ್ರೆ ಅವರು ಕೈ ಎತ್ತಿ "ಆಮೇಲೆ ಹೇಳ್ತೀನಿ" ಅನ್ನೋರು. ನಾನೂ ಹಾಗೆ ಅಂದಿದ್ದೀನಿ, ಎಷ್ಟೋ ಸಲ, ಮತ್ತೆ ಆಮೇಲೆ ಹೋಗಿ ಹೇಳಿದ್ದು ಕೈಬೆರಳಲ್ಲಿ ಎಣಿಸೋಷ್ಟು. ಆ ಹೇಳದೇ ಉಳಿದ ಮಾತುಗಳಲ್ಲೇ ಹೊಸ ಪ್ರಾಜೆಕ್ಟ್ ಬರ್ತಿದೆ, ಆ ಮ್ಯಾನೇಜರ್ ಜನ ಹುಡುಕ್ತಿದ್ದಾರೆ, ಅಪ್ಲೈ ಮಾಡಕ್ಕೆ ಶುಕ್ರವಾರ ಕೊನೆ ದಿನ ಅನ್ನೋದೆಲ್ಲ ಇರತ್ತೆ. ಅವಳಿಗೆ ಅದು ಗೊತ್ತಾಗೋದು ಮುಂದಿನ ಸೋಮವಾರ.

ಈಗ ಆನ್‌ಲೈನ್ ಮೀಟಿಂಗಲ್ಲಿ ಮಾತು ಹಾಗೇ ಕೆಳಗೆ ಅಕ್ಷರದಲ್ಲಿ ಬರತ್ತಲ್ಲ, ಅದನ್ನ ಆನ್ ಮಾಡಿದ್ರೆ ಆಯ್ತು ಅಂತ ನಾವೂ ಅಂದ್ಕೊಂಡ್ವಿ. ನಮ್ ಬೆಂಗಳೂರಿನ ಮೀಟಿಂಗು ಹೇಗಿರತ್ತೆ ಅಂತ ನಿಮಗೂ ಗೊತ್ತು, ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ನಡುವೆ ಯಾರೋ ತಮಿಳು, ಹಿಂದಿ ಸೇರಿಸ್ತಾರೆ. ಇಂಗ್ಲಿಷ್ ಕ್ಯಾಪ್ಷನ್ ಆನ್ ಆಗಿರುವಾಗ ನಾವು ಕನ್ನಡಕ್ಕೆ ಜಾರಿದ ತಕ್ಷಣ ಅಲ್ಲಿ ತಲೆ ಬುಡ ಇಲ್ಲದ ಇಂಗ್ಲಿಷ್ ಪದಗಳು ಬರೋಕೆ ಶುರು ಆಗತ್ತೆ. ಕೊನೆಗೆ ವರ್ಕ್ ಆಗಿದ್ದು ತುಂಬಾ ಹಳೇ ಉಪಾಯ, ಪ್ರತಿ ಮೀಟಿಂಗಲ್ಲೂ ಸರದಿ ಮೇಲೆ ಒಬ್ರು ಮಾತಾಡಿದ್ದನ್ನ ಆಗಿಂದಾಗ್ಲೇ ಒಂದು ಶೇರ್ಡ್ ಫೈಲಲ್ಲಿ ಟೈಪ್ ಮಾಡೋದು, ಮಾತಾಡೋರು ಕೈ ಎತ್ತಿ ಮಾತಾಡೋದು. ಅದರಿಂದ ಕಿವಿ ಕೇಳೋ ನಮಗೂ ಉಪಯೋಗ ಆಯ್ತು, ಯಾರು ಏನ್ ಒಪ್ಕೊಂಡಿದ್ರು ಅಂತ ಜಗಳ ಕಮ್ಮಿ ಆಯ್ತು. ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಮಾತ್ರ ಇಷ್ಟು ಸಾಕಾಗಲ್ಲ, ಅವರಿಗೆ ಬರಹದ ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆ, ಮುಖ್ಯವಾದ ಮೀಟಿಂಗಿಗೆ, ಟ್ರೇನಿಂಗಿಗೆ, ಅಪ್ರೈಸಲ್ಲಿಗೆ ಸನ್ನೆ ಭಾಷೆ ಇಂಟರ್‌ಪ್ರಿಟರ್ ಬೇಕೇ ಬೇಕು, ಅದಕ್ಕೆ ದುಡ್ಡು ಕೊಡ್ಲೇಬೇಕು.

ದುಡ್ಡಿನ ಮಾತು ಬಂದಿದ್ದಕ್ಕೆ ಹೇಳ್ತೀನಿ, ಮ್ಯಾನೇಜ್‌ಮೆಂಟಿನವರು ಮೊದಲು ಹೇಳೋದೇ ಖರ್ಚು. ಅಮೆರಿಕಾದಲ್ಲಿ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಅಂತ ಒಂದು ಸಂಸ್ಥೆ ವರ್ಷಗಳಿಂದ ಮಾಲೀಕರನ್ನೇ ಕೇಳಿ ಲೆಕ್ಕ ಇಡ್ತಾ ಬಂದಿದೆ, ಹೆಚ್ಚುಕಮ್ಮಿ ಅರ್ಧದಷ್ಟು ಹೊಂದಾಣಿಕೆಗೆ ಒಂದು ಪೈಸಾನೂ ಖರ್ಚಾಗಿಲ್ಲ ಅಂತ ಅದರಲ್ಲಿ ಬರತ್ತೆ. ನನ್ನ ಅನುಭವನೂ ಅದೇ. ನಮ್ ಹುಡುಗ ಬಳಸ್ತಿದ್ದ ಎನ್‌ವಿಡಿಎ ಸ್ಕ್ರೀನ್ ರೀಡರ್ ಪೂರ್ತಿ ಉಚಿತ, ಕನ್ನಡವನ್ನೂ ಓದತ್ತೆ. ವೀಲ್‌ಚೇರ್ ಒಳಗೆ ಹೋಗ್ಲಿ ಅಂತ ಒಬ್ಬರ ಟೇಬಲ್ ಎತ್ತರಿಸ್ಬೇಕಾಗಿ ಬಂದಾಗ ಬಡಗಿ ನಾಲ್ಕು ಮರದ ತುಂಡು ಕಾಲಡಿ ಇಟ್ಟು ಹೋದ. ರ‍್ಯಾಂಪ್ ಬೇಕಾದ್ರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು, ಅದಕ್ಕೆ ಜಾಗ ಬೇಕು, ಕಟ್ಟಡದ ಓನರ್ ಒಪ್ಪಬೇಕು, ಇದು ನಿಜವಾದ ಖರ್ಚು, ಒಪ್ತೀನಿ. ಎಷ್ಟೋ ಕಡೆ ಕಾಟಾಚಾರಕ್ಕೆ ಮೂರಡಿ ಸಿಮೆಂಟ್ ಸುರಿದು ಜಾರುಬಂಡೆ ಥರ ಮಾಡಿಡ್ತಾರೆ, ಅದರ ಮೇಲೆ ವೀಲ್‌ಚೇರ್ ಹತ್ತಿಸೋಕೆ ಇಬ್ಬರು ಬೇಕು, ಅದು ರ‍್ಯಾಂಪೇ ಅಲ್ಲ. ಪೇರೋಲಿನವಳಾಗಿ ಇನ್ನೊಂದು ಹೇಳ್ಬೇಕು, ನೌಕರರ ವಿಮೆ ಇಎಸ್‌ಐಗೆ ಸೇರೋ ಸಂಬಳದ ಮಿತಿ ಬೇರೆಯವರಿಗೆ 21,000 ಆದ್ರೆ ವಿಕಲಚೇತನರಿಗೆ 25,000, ಮತ್ತೆ ಅವರ ಪರವಾಗಿ ಮಾಲೀಕರು ಕಟ್ಟೋ ವಂತಿಗೆಯನ್ನ ಶುರುವಿನ ವರ್ಷಗಳಲ್ಲಿ ಕೇಂದ್ರ ಸರ್ಕಾರವೇ ಭರಿಸೋ ಸ್ಕೀಮ್ 2008ರಲ್ಲೇ ಬಂದಿದೆ. ನಾನು ಮಾತಾಡಿಸಿದ ಸಣ್ಣ ಕಂಪನಿಗಳ ಅಕೌಂಟೆಂಟ್‌ಗಳಲ್ಲಿ ಇದನ್ನ ಕೇಳಿದವರೇ ಕಮ್ಮಿ.

ಆಫೀಸ್ ಒಳಗೆ ಎಲ್ಲ ಸರಿ ಇದ್ರೂ ಅಲ್ಲಿಗೆ ಬರೋದು ಬೇರೆ ಕಥೆ. ಬಸ್ಸಿನ ಮೆಟ್ಟಿಲು ಎತ್ತರ, ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ರು, ಮಳೆಗಾಲದಲ್ಲಿ ಊರುಗೋಲು ಜಾರತ್ತೆ, ಸೈಡ್ ವೀಲ್ ಹಾಕಿದ ಸ್ಕೂಟಿಯಲ್ಲಿ ಬಂದ್ರೆ ಪಾರ್ಕಿಂಗ್ ಸೆಕ್ಯೂರಿಟಿಯವರು ಟೂ ವೀಲರ್ ಸಾಲಲ್ಲೂ ಬಿಡಲ್ಲ ಕಾರ್ ಸಾಲಲ್ಲೂ ಬಿಡಲ್ಲ. ಇದಕ್ಕೇ ಎಷ್ಟೋ ಜನ ವರ್ಷಗಟ್ಟಲೆ ವಾರಕ್ಕೆರಡು ದಿನನಾದ್ರೂ ಮನೆಯಿಂದ ಕೆಲಸ ಮಾಡ್ತೀವಿ ಅಂತ ಕೇಳ್ಕೊಂಡು ಬಂದ್ರು, ಡೇಟಾ ಸೆಕ್ಯೂರಿಟಿ, ಪಾಲಿಸಿ ಇಲ್ಲ ಅಂತ ಉತ್ತರ ಬಂತು. 2020ರ ಮಾರ್ಚಲ್ಲಿ ಕೋವಿಡ್ ಬಂದಾಗ ಅದೇ ಆಫೀಸುಗಳು ಒಂದೇ ವಾರದಲ್ಲಿ ಎಲ್ಲರನ್ನೂ ಮನೆಗೆ ಕಳಿಸಿ ಕೆಲಸ ಮಾಡಿಸಿದ್ವು. ಆಗಲ್ಲ ಅಂದಿದ್ದು ಆಗತ್ತೆ ಅಂತ ಎಲ್ಲರೂ ನೋಡಿದ್ವಿ. ಈಗ ಮತ್ತೆ ವಾರಕ್ಕೆ ಐದು ದಿನ ಬನ್ನಿ ಅಂತ ಕರೀವಾಗ ವಿಕಲಚೇತನ ನೌಕರರಿಗೆ ಮನೆಯಿಂದ ಕೆಲಸ ಮಾಡೋದನ್ನ ಹೊಂದಾಣಿಕೆ ಅಂತ ಮುಂದುವರಿಸಿ ಅಂದ್ರೆ, ಬೇರೆಯವರು ಕೇಳ್ತಾರೆ ಅಂತ ತಳ್ಳಿ ಹಾಕ್ತಾರೆ. ಇದು ನನಗೆ ಅರ್ಥ ಆಗಲ್ಲ.

ಚೆನ್ನಾಗಿ ಮಾಡಿದವರು ಇಲ್ವಾ ಅಂದ್ರೆ ಇದ್ದಾರೆ, ಅದೂ ನಮ್ಮಲ್ಲೇ. ವಿಕಲಚೇತನರ ಉದ್ಯೋಗಕ್ಕಾಗಿ ಕೆಲಸ ಮಾಡೋ ಎನೇಬಲ್ ಇಂಡಿಯಾ ಸಂಸ್ಥೆ ಶುರು ಮಾಡಿದ ಶಾಂತಿ ರಾಘವನ್ ಅವರು ಒಡಹುಟ್ಟಿದ ತಮ್ಮ ದೃಷ್ಟಿ ಕಳ್ಕೊಂಡಾಗ ಅವನ ಜೊತೆ ನಿಂತು ಕಲಿತದ್ದನ್ನೇ ಬೇರೆಯವರಿಗೂ ಹಂಚಿದವರು, ಬೆಂಗಳೂರಿನ ವಿಂಧ್ಯಾ ಇ-ಇನ್ಫೋಮೀಡಿಯಾ 2006ರಿಂದ ಬಹುಪಾಲು ವಿಕಲಚೇತನರನ್ನೇ ಇಟ್ಕೊಂಡು ಬಿಪಿಓ ನಡೆಸ್ತಿದೆ, ವಿಕಲಚೇತನರೇ ಕೆಲಸ ಮಾಡೋ, ಈಗ ಸುಪ್ರೀಂ ಕೋರ್ಟ್ ಆವರಣದವರೆಗೂ ಹೋಗಿರೋ ಮಿಟ್ಟಿ ಕೆಫೆಯ ಮೊದಲ ಅಂಗಡಿ ಶುರು ಆಗಿದ್ದು 2017ರಲ್ಲಿ ನಮ್ ಹುಬ್ಬಳ್ಳಿಯ ಕಾಲೇಜ್ ಕ್ಯಾಂಪಸ್ಸಲ್ಲಿ. ಇವರ ಬಗ್ಗೆ ನಂಗೆ ತುಂಬಾ ಗೌರವ ಇದೆ. ಆದ್ರೂ ಎಲ್ಲ ವಿಕಲಚೇತನರೂ ಅವರಿಗಾಗೇ ಕಟ್ಟಿದ ಜಾಗಕ್ಕೇ ಹೋಗ್ಬೇಕು ಅಂತಾಗ್ಬಾರ್ದು, ಸಿವಿಲ್ ಇಂಜಿನಿಯರ್ ಓದಿದವರು ಕನ್‌ಸ್ಟ್ರಕ್ಷನ್ ಕಂಪನಿಗೇ ಹೋಗ್ಬೇಕು, ಲ್ಯಾಬ್ ಟೆಕ್ನಿಷಿಯನ್ ಓದಿದವರು ಆಸ್ಪತ್ರೆಗೇ ಹೋಗ್ಬೇಕು.

ಇಷ್ಟೊತ್ತು ಹೇಳಿದ್ದು ಮೊದಲಿಂದ ವೈಕಲ್ಯ ಇದ್ದು ಕೆಲಸಕ್ಕೆ ಸೇರೋರ ಬಗ್ಗೆ. ಕೆಲಸದಲ್ಲಿರುವಾಗಲೇ ವಿಕಲಚೇತನರಾಗೋರ ಕಥೆ ಇನ್ನೂ ಕತ್ತಲೆ. ಬೈಕ್ ಆಕ್ಸಿಡೆಂಟಲ್ಲಿ ಕಾಲು ಹೋಗತ್ತೆ, ಶುಗರ್ ಜಾಸ್ತಿ ಆಗಿ ಕಣ್ಣಿನ ಪರದೆ ಹಾಳಾಗತ್ತೆ, ನಲವತ್ತೈದಕ್ಕೆ ಸ್ಟ್ರೋಕ್ ಆಗತ್ತೆ, ಇದು ಯಾರ ಮನೆಗೂ ಬರ್ಬಹುದು. ಸರ್ಕಾರಿ ನೌಕರರಾದ್ರೆ 20ನೇ ಸೆಕ್ಷನ್ ಅಡೀಲಿ ಅವರನ್ನ ತೆಗೆಯೋ ಹಾಗಿಲ್ಲ, ದರ್ಜೆ ಇಳಿಸೋ ಹಾಗಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡ್ಬೇಕು, ಅಂಥ ಹುದ್ದೆ ಖಾಲಿ ಇಲ್ಲ ಅಂದ್ರೆ ಸಿಗೋವರೆಗೂ ಅಥವಾ ನಿವೃತ್ತಿವರೆಗೂ ಹೆಚ್ಚುವರಿ ಹುದ್ದೆ ಸೃಷ್ಟಿ ಮಾಡಿ ಇಟ್ಕೋಬೇಕು. ಪ್ರೈವೇಟಲ್ಲಿ ಆ ರಕ್ಷಣೆ ಇಲ್ಲ. ಮೂರು ತಿಂಗಳು ರಜೆ ಮುಗಿದ ಮೇಲೆ "ನೀವೇ ರಿಸೈನ್ ಮಾಡಿದ್ರೆ ರೆಕಾರ್ಡ್ ಕ್ಲೀನ್ ಆಗಿರತ್ತೆ ಸರ್" ಅಂತ ಮೆತ್ತಗೆ ಹೇಳ್ತಾರೆ, ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಮಾಡೋದು ನಮ್ ಟೇಬಲ್ಲಲ್ಲೇ, ಹಾಗಾಗಿ ಆ ಪತ್ರಗಳನ್ನ ನಾನು ನೋಡ್ತೀನಿ. ಹದಿನಾರು ವರ್ಷ ಸರ್ವಿಸ್ ಇದ್ದವರದ್ದೂ ಎರಡೇ ಸಾಲು ಇರತ್ತೆ. 20ನೇ ಸೆಕ್ಷನ್ನಿನ ಈ ರಕ್ಷಣೆ ಪ್ರೈವೇಟಿಗೂ ಬರ್ಬೇಕು, ಕನಿಷ್ಠ ದೊಡ್ಡ ಕಂಪನಿಗಳಿಗಾದ್ರೂ, ಇದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲೀವರೆಗೆ ನೀವು ನಾವು ಮಾಡಬಹುದಾದ್ದು ಒಂದಿದೆ. ಷೇರು ಮಾರುಕಟ್ಟೆಯ ಟಾಪ್ 1000 ಕಂಪನಿಗಳು 2022-23ರಿಂದ ಮಾರುಕಟ್ಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಕೊಡೋ ಬಿಆರ್‌ಎಸ್‌ಆರ್ ಅನ್ನೋ ಸಾಮಾಜಿಕ ಹೊಣೆಗಾರಿಕೆ ವರದಿಯಲ್ಲಿ ವಿಕಲಚೇತನ ನೌಕರರು ಎಷ್ಟು ಜನ, ಕಟ್ಟಡ ಅವರಿಗೆ ಅನುಕೂಲ ಆಗೋ ಹಾಗಿದ್ಯಾ, ಸಮಾನ ಅವಕಾಶ ನೀತಿ ಇದ್ಯಾ ಅಂತ ಬರೀಲೇಬೇಕು. ಅದು ಎಲ್ಲರಿಗೂ ಓದಕ್ಕೆ ಸಿಗತ್ತೆ. ನಿಮ್ ಕಂಪನಿ ಆ ಪಟ್ಟೀಲಿದ್ರೆ ತೆಗೆದು ಆ ಪುಟ ನೋಡಿ, ಒಟ್ಟು ನೌಕರರ ಸಂಖ್ಯೆ ಪಕ್ಕದಲ್ಲಿ ಆ ಸಂಖ್ಯೆ ಇಟ್ಟು ನೋಡಿ. ಪಟ್ಟೀಲಿ ಇಲ್ಲದ ಕಂಪನಿ ಆದ್ರೆ ಎಚ್‌ಆರ್‌ಗೆ ಒಂದೇ ಒಂದು ಮೇಲ್ ಹಾಕಿ, ನಮ್ಮ ಲಯಸನ್ ಆಫೀಸರ್ ಯಾರು ಅಂತ.

ನಾನು ಹಾಕಿದ್ದೆ. ಆ ಹುಡುಗ ಬಿಟ್ಟು ಹೋದ ಮೇಲೆ. ಎರಡು ವಾರ ಉತ್ತರ ಬರ್ಲಿಲ್ಲ, ಆಮೇಲೆ ಅಂಥ ಹುದ್ದೆ ಇದ್ಯಾ ಅಂತ ಅವರೇ ನನ್ನ ಕೇಳಿದ್ರು, ನಿಯಮದ ಪ್ರತಿ ಕಳಿಸಿದೆ, ಇನ್ನೂ ಎರಡು ತಿಂಗಳಾದ ಮೇಲೆ ಅಡ್ಮಿನ್ನಿನ ಒಬ್ಬ ಮೇಡಂನ ನೇಮಿಸಿ ಎಲ್ಲರಿಗೂ ಮೇಲ್ ಬಂತು, ಯಾರಿಗೆ ಏನು ಬೇಕಿದ್ರೂ ಅವರನ್ನ ಕಾಣಿ, ಹೆಸರು ಗುಟ್ಟಾಗಿಡ್ತೀವಿ ಅಂತ. ಮೊದಲು ಯಾರು ಹೋಗ್ತಾರೆ ಅಂತ ನನಗೂ ಕುತೂಹಲ ಇತ್ತು. ಹೋದವರು ನಮ್ ಅಕೌಂಟ್ಸಿನ ಹಿರಿಯರು ಅಂತ ನನಗೆ ಗೊತ್ತಾಗಿದ್ದು ಅವರೇ ಒಂದಿನ ಊಟದ ಹೊತ್ತಲ್ಲಿ ಹೇಳಿದಾಗ, ಹನ್ನೊಂದು ವರ್ಷದಿಂದ ಪಕ್ಕದ ಟೇಬಲ್ಲಲ್ಲಿ ಕೂತವರು. ಅವರಿಗೆ ಎಡಗಿವಿ ಪೂರ್ತಿ ಕೇಳಲ್ವಂತೆ, ಕೆಲಸಕ್ಕೆ ಸೇರುವಾಗ ಹೇಳಿದ್ರೆ ತಗೊಳ್ಳಲ್ವೇನೋ ಅಂತ ಮುಚ್ಚಿಟ್ಟಿದ್ದು ಹಾಗೇ ಮುಂದುವರೀತಂತೆ, ಮನುಷ್ಯ ಸ್ವಲ್ಪ ಗರ್ವಿ, ಕರೆದ್ರೂ ತಿರುಗಿ ನೋಡಲ್ಲ ಅಂತ ನಾವೆಲ್ಲ ಅವರ ಬಗ್ಗೆ ಮಾತಾಡ್ಕೊಂಡಿದ್ವಿ. ಅವರು ಕೇಳ್ಕೊಂಡಿದ್ದು, ಮೀಟಿಂಗ್ ರೂಮಲ್ಲಿ ಎಡಗಡೆ ಗೋಡೆ ಪಕ್ಕದ ಚೇರು ನನಗೆ ಬಿಡಿ, ಎಲ್ಲರೂ ನನ್ನ ಬಲಗಡೆ ಬರೋ ಹಾಗೆ, ಅಂತ.